ಹಾಡಿನಲ್ಲಿಲ್ಲದ ಕುಡುಕ

ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ ನೆಲೆಸಿರುವ ಮಗಳ ಮನೆಗೆ 2018ರಲ್ಲಿ ಹೋಗಿದ್ದಾಗ, ಹಗಲು ಹೊತ್ತು ಕಳೆಯುವುದಕ್ಕೆಂದು ಪಕ್ಕದ ವೆಸ್ಟರ್‌ವಿಲ್ ಎಂಬ ಊರಿನ ಸಾರ್ವಜನಿಕ ಗ್ರಂಥಾಲಯದ ದಾರಿ ಹಿಡಿದೆ. ಮಕ್ಕಳು ಕೆಲಸಕ್ಕೂ ಮೊಮ್ಮಕ್ಕಳು ಶಾಲೆಗೂ ಹೊರಟ ಮೇಲೆ ನಮ್ಮಂಥ ನಿವೃತ್ತರಿಗೆ ಆ ದೇಶದಲ್ಲಿ ಬೇರೆ ಗತಿಯಿಲ್ಲ. ಆ ಗ್ರಂಥಾಲಯದಲ್ಲಿ ‘ಆ್ಯಂಟಿ-ಸಲೂನ್ ಲೀಗ್’ ಎಂಬ ಸಂಸ್ಥೆಯ ಭಿತ್ತಿಪತ್ರ, ಕರಪತ್ರಗಳನ್ನು ಜೋಪಾನವಾಗಿ ಕಾದಿರಿಸಿದ್ದಾರೆ. ಸಲೂನ್ ಎಂದರೆ ಅಲ್ಲಿ ಕ್ಷೌರದಂಗಡಿಯಲ್ಲ, ಮದ್ಯದಂಗಡಿ. 1893ರಲ್ಲಿ ಅದೇ ರಾಜ್ಯದ ಓಬರ್ಲಿನ್‌ನಲ್ಲಿ ಹುಟ್ಟಿ ಎರಡೇ ವರ್ಷಗಳಲ್ಲಿ ದೇಶವ್ಯಾಪಿಯಾದ ಈ ಲೀಗ್, 1909ರಲ್ಲಿ ತನ್ನ ಮುದ್ರಣಾಲಯವನ್ನು ವೆಸ್ಟರ್‌ವಿಲ್‌ಗೆ ತಂದಿತು. ಉಚ್ಛ್ರಾಯದ ದಿನಗಳಲ್ಲಿ ಇಲ್ಲಿಂದ ತಿಂಗಳಿಗೆ ಸುಮಾರು 40 ಟನ್ ಪ್ರಚಾರ ಸಾಹಿತ್ಯ ಅಂಚೆಯ ಮೂಲಕ ಹೊರಹೋಗುತ್ತಿತ್ತಂತೆ. ಮದ್ಯ ಮಾರದ ಊರನ್ನು ಅವರು ‘ಒಣ ಊರು’ ಎನ್ನುತ್ತಾರೆ. ಈ ಪುಟ್ಟ ಊರಿಗೆ ‘ಜಗತ್ತಿನ ಒಣ ರಾಜಧಾನಿ’ ಎಂಬ ಬಿರುದಿತ್ತು. 2006ರವರೆಗೂ ಅದು ಒಣಗಿಯೇ ಇತ್ತು.

ಅಂಕಿಅಂಶಗಳನ್ನು ದಪ್ಪಕ್ಷರಗಳಲ್ಲಿ ಅಚ್ಚು ಮಾಡಿದ ಆ ಭಿತ್ತಿಪತ್ರಗಳು ಅರ್ಥಶಾಸ್ತ್ರ ಓದಿದ ನನ್ನನ್ನು ಹಿಡಿದು ನಿಲ್ಲಿಸಿದ್ದು ಸಹಜ. ಆದರೆ ಅಂದು ರಾತ್ರಿ ನಿದ್ದೆಗೆಡಿಸಿದ್ದು ಅಂಕಿಗಳಲ್ಲ, ಒಂದು ಹಾಡು. ಹೆನ್ರಿ ಕ್ಲೇ ವರ್ಕ್ ಎಂಬಾತ 1864ರಲ್ಲಿ ರಚಿಸಿದ ‘ಕಮ್ ಹೋಮ್, ಫಾದರ್’ ಎಂಬ ಹಾಡನ್ನು ಮಗಳ ಮನೆಯ ಕಂಪ್ಯೂಟರಿನಲ್ಲಿ ಹುಡುಕಿ ಕೇಳಿದೆ. ಹಾಡಿನ ಕಥೆ ಇಷ್ಟೇ: ಮೇರಿ ಎಂಬ ಪುಟ್ಟ ಹುಡುಗಿ ಮದ್ಯದಂಗಡಿಯ ಬಾಗಿಲಲ್ಲಿ ನಿಂತು ಅಪ್ಪನನ್ನು ಮನೆಗೆ ಕರೆಯುತ್ತಿದ್ದಾಳೆ. ಗಡಿಯಾರ ಒಂದು ಹೊಡೆಯುತ್ತದೆ. ಮನೆಯಲ್ಲಿ ಒಲೆ ಆರಿದೆ, ತಮ್ಮ ಬೆನ್ನಿ ಕಾಯಿಲೆಯಿಂದ ಅಮ್ಮನ ತೋಳಲ್ಲಿ ಮಲಗಿದ್ದಾನೆ. ಎರಡು ಹೊಡೆಯುತ್ತದೆ, ಹುಡುಗಿ ಮತ್ತೆ ಬರುತ್ತಾಳೆ. ಮೂರು ಹೊಡೆಯುವಷ್ಟರಲ್ಲಿ ತಮ್ಮ ಇಲ್ಲ. ಅಪ್ಪ ಹಾಡಿನುದ್ದಕ್ಕೂ ಒಂದು ಮಾತನ್ನೂ ಆಡುವುದಿಲ್ಲ. ಇದನ್ನು ಭಾವಾತಿರೇಕ ಎಂದು ನಗುವವರಿದ್ದಾರೆ. ನಾನು ನಗಲಾರದೆ ಹೋದೆ. ಅದಕ್ಕೆ ಕಾರಣವಿತ್ತು. ಅಂಥದೇ ಹಾಡುಗಳ ಒಂದು ಕಡತ ಕಾಲು ಶತಮಾನದ ಹಿಂದೆ ನನ್ನ ಮೇಜಿನ ಮೇಲೆ ಬಂದಿತ್ತು, ಮತ್ತು ಅದರ ಮೇಲೆ ನನ್ನ ಕೆಂಪು ಶಾಯಿಯ ಗುರುತುಗಳಿದ್ದವು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ವರ್ಕ್ ವೃತ್ತಿಯಲ್ಲಿ ಅಚ್ಚಿನ ಮೊಳೆ ಜೋಡಿಸುವವನು. ಗುಲಾಮರು ತಪ್ಪಿಸಿಕೊಂಡು ಓಡಲು ನೆರವಾದನೆಂದು ಅವನ ತಂದೆ ಸೆರೆಮನೆ ಕಂಡವನು. ಆ ಕಾಲದ ಪಾನವಿರೋಧಿ ಹಾಡುಗಾರರಲ್ಲಿ ಹಲವರು ಗುಲಾಮಗಿರಿಯ ವಿರೋಧಿಗಳೂ ಆಗಿದ್ದರು. ನ್ಯೂ ಹ್ಯಾಂಪ್‌ಶೈರಿನ ಹಚಿನ್ಸನ್ ಕುಟುಂಬದ ಗಾಯಕರು 1840ರ ದಶಕದಲ್ಲಿ ಊರೂರು ತಿರುಗಿ ಎರಡೂ ವಿಷಯಗಳನ್ನು ಒಂದೇ ವೇದಿಕೆಯಲ್ಲಿ ಹಾಡುತ್ತಿದ್ದರು; ಅವರ ಹಾಡೊಂದರಲ್ಲಿ ಮದ್ಯವೇ ಕಿರೀಟ ತೊಟ್ಟ ದೊರೆ. ಮನುಷ್ಯನನ್ನು ಮನುಷ್ಯ ಕೊಳ್ಳುವುದೂ ಮನುಷ್ಯನನ್ನು ಸೀಸೆ ಕೊಳ್ಳುವುದೂ ಅವರ ದೃಷ್ಟಿಯಲ್ಲಿ ಒಂದೇ ಬಗೆಯ ದಾಸ್ಯ.

ಇಂದು ನಮಗೆ ಅತಿ ಎನಿಸುವ ಈ ಉತ್ಸಾಹವನ್ನು ತಿಳಿಯಬೇಕಾದರೆ ಅಂದಿನ ಕುಡಿತದ ಪ್ರಮಾಣವನ್ನು ತಿಳಿಯಬೇಕು. 1830ರ ಸುಮಾರಿಗೆ ಅಮೆರಿಕದಲ್ಲಿ ಹದಿನೈದು ದಾಟಿದ ಪ್ರತಿಯೊಬ್ಬನ ಪಾಲಿಗೆ ವರ್ಷಕ್ಕೆ ಸರಾಸರಿ 7 ಗ್ಯಾಲನ್, ಎಂದರೆ 26 ಲೀಟರಿನಷ್ಟು ಶುದ್ಧ ಆಲ್ಕೋಹಾಲ್ ಬೀಳುತ್ತಿತ್ತೆಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಇಂದಿನ ಅಮೆರಿಕನ್ನರು ಕುಡಿಯುವುದರ ಸುಮಾರು ಮೂರರಷ್ಟು. 1826ರಲ್ಲಿ ಬಾಸ್ಟನ್ನಿನಲ್ಲಿ ಅಮೆರಿಕನ್ ಟೆಂಪರನ್ಸ್ ಸೊಸೈಟಿ ಹುಟ್ಟಿತು. ಹಾಡು, ಕರಪತ್ರ, ಸಭೆ, ಸಹಿ ಹಾಕಿದ ಪ್ರತಿಜ್ಞಾಪತ್ರ ಇವುಗಳಲ್ಲದೆ ಅದರ ಕೈಯಲ್ಲಿ ಬೇರೆ ಆಯುಧವಿರಲಿಲ್ಲ. 1845ರ ಹೊತ್ತಿಗೆ ಆ 7 ಗ್ಯಾಲನ್ 2ಕ್ಕಿಂತ ಕೆಳಗಿಳಿದಿತ್ತು. ರಾಜ್ಯವ್ಯಾಪಿ ಪಾನನಿಷೇಧದ ಮೊದಲ ಪ್ರಮುಖ ಶಾಸನ ಮೇನ್ ರಾಜ್ಯದಲ್ಲಿ ಬಂದದ್ದು 1851ರಲ್ಲಿ. ಶಾಸನ ಬರುವ ಮೊದಲೇ ಇಳಿಕೆಯ ಬಹುಪಾಲು ಆಗಿಹೋಗಿತ್ತು ಎಂಬುದನ್ನು ಪೊಲೀಸರನ್ನು ಮಾತ್ರ ನಂಬುವ ನಮ್ಮ ಆಡಳಿತಗಾರರು ಗಮನಿಸಬೇಕು.

ಐರ್ಲೆಂಡಿನ ಕಥೆ ಇನ್ನೂ ವಿಸ್ಮಯಕರ. ಕಾರ್ಕ್ ಪಟ್ಟಣದ ಫಾದರ್ ಮ್ಯಾಥ್ಯೂ ಎಂಬ ಪಾದ್ರಿ 1838ರಲ್ಲಿ ಪ್ರತಿಜ್ಞೆ ಬೋಧಿಸತೊಡಗಿದರು. ಕೆಲವೇ ವರ್ಷಗಳಲ್ಲಿ ಲಕ್ಷಾಂತರ ಜನ ಮಂಡಿಯೂರಿ ಪ್ರತಿಜ್ಞೆ ಸ್ವೀಕರಿಸಿ, ಅದರ ಗುರುತಾಗಿ ಪದಕವೊಂದನ್ನು ಪಡೆದರು. ಊರೂರಲ್ಲಿ ಪಾನವಿರೋಧಿ ವಾದ್ಯವೃಂದಗಳು ಹುಟ್ಟಿದವು. ಸಂಜೆ ಪಾನಗೃಹಕ್ಕೆ ಹೋಗುತ್ತಿದ್ದವನ ಕೈಗೆ ತುತ್ತೂರಿ ಕೊಟ್ಟರು. 1839ರಲ್ಲಿ ಸುಮಾರು 14 ಲಕ್ಷ ಪೌಂಡ್ ಇದ್ದ ಐರಿಷ್ ಮದ್ಯದ ಸುಂಕ 1844ರ ಹೊತ್ತಿಗೆ ಎಂಟೂವರೆ ಲಕ್ಷಕ್ಕೆ ಕುಸಿಯಿತು. ಆಮೇಲೆ ಬಂದ ಆಲೂಗೆಡ್ಡೆಯ ಕ್ಷಾಮ ಆ ಚಳವಳಿಯನ್ನೂ ನುಂಗಿತು.

ಇಂಗ್ಲೆಂಡಿನ ಪ್ರೆಸ್ಟನ್‌ನಲ್ಲಿ ಜೋಸೆಫ್ ಲಿವ್ಸಿ ಮತ್ತು ಸಂಗಡಿಗರು, ಒಟ್ಟು ಏಳು ಮಂದಿ, 1832ರ ಸೆಪ್ಟೆಂಬರಿನಲ್ಲಿ ಪೂರ್ಣ ಪಾನತ್ಯಾಗದ ಪ್ರತಿಜ್ಞೆಗೆ ಸಹಿ ಹಾಕಿದರು. ಮರುವರ್ಷ ಅಲ್ಲಿನ ಸಭೆಯೊಂದರಲ್ಲಿ ಡಿಕ್ಕಿ ಟರ್ನರ್ ಎಂಬ ಕೂಲಿಕಾರ ‘ಟೋಟಲ್’ ಎನ್ನುವ ಮಾತಿಗೆ ಇನ್ನೊಂದು ‘ಟೀ’ ಸೇರಿಸಿ ಒತ್ತಿ ನುಡಿದನಂತೆ. ಅವನು ಉಗ್ಗುತ್ತಿದ್ದನೆನ್ನುವವರೂ ಉಂಟು. ನಾವು ಇಂದಿಗೂ ಬಳಸುವ ‘ಟೀಟೋಟಲರ್’ ಎಂಬ ಮಾತು ಅಲ್ಲಿಂದ ಬಂದದ್ದು. ನಾನು ಬಹಳ ಕಾಲ ಅದಕ್ಕೂ ಚಹಾಕ್ಕೂ ಸಂಬಂಧವಿದೆಯೆಂದೇ ನಂಬಿದ್ದೆ.

ಈ ಚಳವಳಿ ಚಿತ್ರಗಳನ್ನೂ ಅಷ್ಟೇ ಧಾರಾಳವಾಗಿ ಬಳಸಿತು. ನ್ಯೂಯಾರ್ಕಿನ ನಥಾನಿಯಲ್ ಕರಿಯರ್ 1846ರಲ್ಲಿ ಅಚ್ಚು ಮಾಡಿದ ಚಿತ್ರದಲ್ಲಿ ಕುಡುಕನ ಬಾಳು ಕಮಾನಿನಾಕಾರದ ಒಂಬತ್ತು ಮೆಟ್ಟಿಲು: ಗೆಳೆಯನೊಡನೆ ಮೊದಲ ಲೋಟದಿಂದ ಏರಿ ಆತ್ಮಹತ್ಯೆಯವರೆಗೆ ಇಳಿಯುತ್ತದೆ. ಕಮಾನಿನ ಕೆಳಗೆ ಹೆಂಡತಿ, ಮಗು. ಲಂಡನ್ನಿನ ಜಾರ್ಜ್ ಕ್ರೂಕ್‌ಶ್ಯಾಂಕ್ 1847ರಲ್ಲಿ ‘ದಿ ಬಾಟಲ್’ ಎಂಬ ಎಂಟು ಚಿತ್ರಗಳ ಸರಣಿಯನ್ನು ಹೊರತಂದ. ಊಟದ ಮೇಜಿನ ಮೇಲೆ ಮೊದಲ ಬಾರಿಗೆ ಸೀಸೆ ಬರುವುದರಿಂದ ಆರಂಭವಾಗಿ ಗಂಡ ಅದೇ ಸೀಸೆಯಿಂದ ಹೆಂಡತಿಯನ್ನು ಕೊಲ್ಲುವವರೆಗೆ ಕಥೆ ನಡೆಯುತ್ತದೆ. ಅಗ್ಗದ ಬೆಲೆಗೆ ಮಾರಿದ ಆ ಚಿತ್ರಗಳು ಮನೆಮನೆಯನ್ನು ಸೇರಿದವು. ಕ್ರೂಕ್‌ಶ್ಯಾಂಕನ ತಂದೆ ಕುಡಿತದಿಂದಲೇ ಸತ್ತವನು. ಮಗ ಈ ಸರಣಿಯನ್ನು ಬರೆದ ಮೇಲೆ ತಾನೂ ಕುಡಿಯುವುದನ್ನು ಬಿಟ್ಟ.

ಈ ಮೆಚ್ಚುಗೆಯ ನಡುವೆ ಒಂದು ಅಪಸ್ವರ ತೆಗೆದವನು ಕ್ರೂಕ್‌ಶ್ಯಾಂಕನ ಹಳೆಯ ಮಿತ್ರ ಚಾರ್ಲ್ಸ್ ಡಿಕನ್ಸ್. ಮುಂದಿನ ಸರಣಿಯಾದ ‘ದಿ ಡ್ರಂಕರ್ಡ್ಸ್ ಚಿಲ್ಡ್ರನ್’ 1848ರಲ್ಲಿ ಬಂದಾಗ ಅವನು ಅದರ ಕಲೆಯನ್ನು ಹೊಗಳಿ, ತರ್ಕವನ್ನು ಒಪ್ಪಲಿಲ್ಲ. ಕುಡಿತ ಎಲ್ಲಿಂದಲೋ ಮೇಜಿನ ಮೇಲೆ ಉದುರುವುದಿಲ್ಲ. ಕೊಳಕು ಮನೆ, ಕೆಟ್ಟ ಗಾಳಿ, ಅಜ್ಞಾನ, ದಣಿವು ಇವುಗಳ ಚಿತ್ರವನ್ನು ಮೊದಲು ಬರೆಯದೆ ಸೀಸೆಯಿಂದ ಕಥೆ ಆರಂಭಿಸುವುದು ಅರ್ಧಸತ್ಯ ಎಂಬುದು ಅವನ ವಾದ. ಡಿಕನ್ಸ್ ಅಲ್ಲಿಗೆ ನಿಂತ. ನಾನಾಗಿದ್ದರೆ ಇನ್ನೊಂದು ಚಿತ್ರವನ್ನೂ ಸೇರಿಸಿ ಎನ್ನುತ್ತಿದ್ದೆ. ಅದು ಖಜಾನೆಯ ಚಿತ್ರ. ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನಲ್ಲಿ ಮದ್ಯದ ಸುಂಕ ಸರ್ಕಾರದ ಆದಾಯದ ಬಹುದೊಡ್ಡ ಕಂಬಗಳಲ್ಲೊಂದು. ಅಮೆರಿಕದ ಕೇಂದ್ರ ಸರ್ಕಾರದ ಆದಾಯದಲ್ಲಿ 1913ಕ್ಕೆ ಮೊದಲು ಸುಮಾರು ಮೂರನೆಯ ಒಂದು ಭಾಗ ಮದ್ಯದಿಂದಲೇ ಬರುತ್ತಿತ್ತು. ನಾನು ಓದಿದ ಹಾಡುಗಳಲ್ಲಿ ಅಪ್ಪನಿದ್ದಾನೆ, ಅಮ್ಮನಿದ್ದಾಳೆ, ಸಾಯುವ ಮಗುವಿದೆ, ದಯೆಯಿಲ್ಲದ ಅಂಗಡಿಕಾರನಿದ್ದಾನೆ. ಪ್ರತಿ ಲೋಟದಿಂದಲೂ ಮೊದಲ ಗುಟುಕು ಹೀರುವ ಸರ್ಕಾರವನ್ನು ಕಂಡದ್ದು ಅಪರೂಪ.

ಹೀಗೆನ್ನುವಾಗ ಆ ಹಾಡುಗಳ ಯೋಗ್ಯತೆಯನ್ನು ಕಡಿಮೆ ಮಾಡುವುದು ನನ್ನ ಉದ್ದೇಶವಲ್ಲ. 1840ರಲ್ಲಿ ಬಾಲ್ಟಿಮೋರಿನ ಪಾನಗೃಹವೊಂದರಲ್ಲಿ ಕುಳಿತಿದ್ದ ಆರು ಮಂದಿ ಕುಡುಕರೇ ಕೂಡಿ ‘ವಾಷಿಂಗ್ಟೋನಿಯನ್’ ಸಂಘವನ್ನು ಕಟ್ಟಿದರು. ಅಲ್ಲಿ ಉಪದೇಶವಿರಲಿಲ್ಲ, ಕುಡಿತ ಬಿಟ್ಟವನು ಎದ್ದುನಿಂತು ತನ್ನ ಕಥೆ ಹೇಳುತ್ತಿದ್ದ. 1842ರ ಫೆಬ್ರವರಿ 22ರಂದು ಇಂಥ ಸಂಘವೊಂದರ ಸಭೆಯಲ್ಲಿ ಮಾತನಾಡಿದ ಮೂವತ್ಮೂರರ ವಕೀಲ ಅಬ್ರಹಾಂ ಲಿಂಕನ್, ಹಿಂದಿನ ಸುಧಾರಕರು ಸೋತದ್ದು ಕುಡುಕನನ್ನು ಶಪಿಸಿದ್ದರಿಂದ, ಅವನನ್ನು ತಮ್ಮವನೆಂದು ತಿಳಿಯದ್ದರಿಂದ ಎಂದು ನೇರವಾಗಿ ಹೇಳಿದರು. ಅದೇ ವರ್ಷ ವಾಲ್ಟ್ ವಿಟ್ಮನ್ ‘ಫ್ರಾಂಕ್ಲಿನ್ ಎವಾನ್ಸ್’ ಎಂಬ ಪಾನವಿರೋಧಿ ಕಾದಂಬರಿ ಬರೆದ. ಮಹಾಕವಿಯ ಜೀವಿತಕಾಲದಲ್ಲಿ ಅವನ ಕವಿತೆಗಳಿಗಿಂತ ಹೆಚ್ಚು ಮಾರಾಟವಾದದ್ದು ಅದೇ ಎನ್ನುತ್ತಾರೆ. ಮುಪ್ಪಿನಲ್ಲಿ ಅವನೇ ಅದನ್ನು ಕೊಳೆತ ಸರಕೆಂದು ತಳ್ಳಿಹಾಕಿದ. ಬರೆಯುವಾಗ ಮದ್ಯದ ನೆರವು ಪಡೆದಿದ್ದನೆಂಬ ಮಾತೂ ಇದೆ. ನಮ್ಮಲ್ಲಿ ಇದಕ್ಕೆ ತೀರ ತಿರುವುಮುರುವಾದ ಸಂಗತಿ ನಡೆಯಿತು. ಕುಡಿತದ ಸೋಂಕಿಲ್ಲದ ಮೇಷ್ಟ್ರು ಜಿ.ಪಿ. ರಾಜರತ್ನಂ ಹೆಂಡ ಕುಡಿಯುವ ರತ್ನನನ್ನು ಸೃಷ್ಟಿಸಿ ಅವನ ಬಾಯಲ್ಲಿ ಹಾಡಿಸಿದರು. ಕುಡುಕನನ್ನು ತಮ್ಮವನೆಂದು ತಿಳಿಯಿರಿ ಎಂಬ ಲಿಂಕನ್ನರ ಮಾತನ್ನು ನಮ್ಮ ಮೇಷ್ಟ್ರು ಎಲ್ಲ ಸುಧಾರಕರಿಗಿಂತ ಚೆನ್ನಾಗಿ ಪಾಲಿಸಿದರೆನ್ನಬೇಕು.

ಚಳವಳಿ ಹೆಂಗಸರ ಕೈಗೆ ಬಂದ ಮೇಲೆ ಹಾಡಿನ ಕೆಲಸವೇ ಬದಲಾಯಿತು. 1873ರ ಡಿಸೆಂಬರಿನಲ್ಲಿ ಒಹಾಯೊದ ಹಿಲ್ಸ್‌ಬರೊ ಎಂಬಲ್ಲಿ ಡಯೊ ಲೂಯಿಸ್ ಎಂಬವರ ಉಪನ್ಯಾಸ ಕೇಳಿದ ಗೃಹಿಣಿಯರು ಮರುದಿನವೇ ಸಾಲಾಗಿ ಹೊರಟರು. ಮುಂದಾಳು ಎಲೈಜಾ ಥಾಂಪ್ಸನ್ ಮಾಜಿ ಗವರ್ನರೊಬ್ಬರ ಮಗಳು. ಮದ್ಯದಂಗಡಿಗಳ ಒಳಗೆ ಹೋಗಿ, ಬಿಡದಿದ್ದರೆ ಹೊರಗೆ ಚಳಿಯಲ್ಲೇ ಮಂಡಿಯೂರಿ, ದೇವರನಾಮಗಳನ್ನು ಹಾಡಿದರು. ಕೆಲವೇ ತಿಂಗಳಲ್ಲಿ ನೂರಾರು ಊರುಗಳಿಗೆ ಇದು ಹಬ್ಬಿತು. ಅವರಿಗೆ ಮತದಾನದ ಹಕ್ಕಿರಲಿಲ್ಲ. ಸಭೆಯಲ್ಲಿ ಮಾತನಾಡುವ ಹೆಂಗಸನ್ನು ನಾಚಿಕೆಗೆಟ್ಟವಳೆನ್ನುತ್ತಿದ್ದ ಕಾಲದಲ್ಲಿ, ದೇವರನಾಮ ಹಾಡುವವಳನ್ನು ಹಾಗೆನ್ನಲು ಯಾರಿಗೂ ಬಾಯಿ ಬರಲಿಲ್ಲ. 1874ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಕ್ರೈಸ್ತ ಮಹಿಳೆಯರ ಪಾನವಿರೋಧಿ ಒಕ್ಕೂಟ ಸ್ಥಾಪನೆಯಾಯಿತು. 1879ರಿಂದ ಅದರ ಅಧ್ಯಕ್ಷೆಯಾದ ಫ್ರಾನ್ಸಿಸ್ ವಿಲ್ಲರ್ಡ್ ‘ಮನೆಯ ರಕ್ಷಣೆ’ ಎಂಬ ಘೋಷಣೆಯ ಮೂಲಕವೇ ಹೆಂಗಸರನ್ನು ಮತದಾನದ ಬೇಡಿಕೆಗೆ ಒಯ್ದರು. ನಮ್ಮ ಇಂದಿನ ಕರ್ನಾಟಕದ ಸಹ್ಯಾದ್ರಿಯ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ 1886ರಿಂದ ಎರಡು ವರ್ಷ ಅಮೆರಿಕದಲ್ಲಿದ್ದಾಗ ಈ ವಿಲ್ಲರ್ಡ್‌ರ ಸ್ನೇಹ, ಬೆಂಬಲಗಳನ್ನು ಗಳಿಸಿದ್ದರು.

ಈ ಒಕ್ಕೂಟ ಮಕ್ಕಳ ಪಠ್ಯಪುಸ್ತಕಗಳಿಗೂ ಕೈಹಾಕಿತು. ಶತಮಾನ ಮುಗಿಯುವ ಹೊತ್ತಿಗೆ ಮದ್ಯದ ಕೇಡನ್ನು ಕುರಿತ ಪಾಠ ಅಮೆರಿಕದ ಬಹುತೇಕ ಎಲ್ಲ ರಾಜ್ಯಗಳಲ್ಲೂ ಕಡ್ಡಾಯ. ಆ ಪಾಠಗಳಲ್ಲಿ ವಿಜ್ಞಾನಕ್ಕಿಂತ ಭಯವೇ ಹೆಚ್ಚಾಗಿತ್ತೆಂಬ ಟೀಕೆ ಅಂದೇ ಬಂದಿತ್ತು, ಅದು ಸರಿಯೂ ಹೌದು.

ಲೀಗಿನ ವೇಯ್ನ್ ವೀಲರ್ ಮೊದಲಾದವರಿಗೆ ಹಾಡಿಗಿಂತ ಮತಗಳ ಲೆಕ್ಕ ಚೆನ್ನಾಗಿ ಬರುತ್ತಿತ್ತು. ಖಜಾನೆಗೆ ಬದಲಿ ಆದಾಯವಿಲ್ಲದೆ ಪಾನನಿಷೇಧ ಅಸಾಧ್ಯವೆಂದು ಅವರು ಅರಿತಿದ್ದರು. 1913ರಲ್ಲಿ ಸಂವಿಧಾನ ತಿದ್ದುಪಡಿಯಾಗಿ ಕೇಂದ್ರ ಆದಾಯ ತೆರಿಗೆ ಬಂತು. ಅದೇ ವರ್ಷ ಲೀಗ್ ರಾಷ್ಟ್ರವ್ಯಾಪಿ ನಿಷೇಧದ ಬೇಡಿಕೆ ಇಟ್ಟಿತು. 1919ರ ಜನವರಿಯಲ್ಲಿ 18ನೆಯ ತಿದ್ದುಪಡಿ ಅಂಗೀಕಾರವಾಯಿತು, ಮರುವರ್ಷ ಜಾರಿಗೆ ಬಂತು. ಹದಿಮೂರು ವರ್ಷಗಳ ಕಳ್ಳಬಟ್ಟಿ, ಗುಂಡಿನ ಕಾಳಗ, ಲಂಚಗಳ ಕಥೆಯನ್ನು ಸಿನಿಮಾಗಳು ಸಾಕಷ್ಟು ಹೇಳಿವೆ. ನನಗೆ ತಮಾಷೆಯೆನಿಸಿದ್ದು ಬೇರೊಂದು ಸಂಗತಿ. ನಿಷೇಧ ಜಾರಿಯಲ್ಲಿದ್ದಾಗಲೇ, 1931ರಲ್ಲಿ, ಅಮೆರಿಕ ತನ್ನ ರಾಷ್ಟ್ರಗೀತೆಯನ್ನು ಅಧಿಕೃತಗೊಳಿಸಿತು. ಆ ಗೀತೆಯ ಧಾಟಿ ಲಂಡನ್ನಿನ ರಸಿಕರ ಕೂಟವೊಂದು ದ್ರಾಕ್ಷಾರಸವನ್ನು ಹೊಗಳಿ ಹಾಡುತ್ತಿದ್ದ ಹಾಡಿನದು.

ಆರ್ಥಿಕ ಕುಸಿತದ ದೆಸೆಯಿಂದ 1930ರಿಂದ 1933ರೊಳಗೆ ವೈಯಕ್ತಿಕ ಆದಾಯ ತೆರಿಗೆಯ ವಸೂಲಿ ಅರ್ಧಕ್ಕಿಂತ ಕೆಳಗಿಳಿಯಿತು. ಮದ್ಯದ ಸುಂಕ ಮರಳಿ ಬಂದರೆ ಆದಾಯ ತೆರಿಗೆ ಇಳಿಯುತ್ತದೆಂದು ಪಿಯರ್ ದ್ಯುಪಾನ್‌ನಂಥ ಉದ್ಯಮಪತಿಗಳು ವಾದಿಸಿದರು. 1929ರಲ್ಲಿ ಪಾಲಿನ್ ಸೇಬಿನ್ ಎಂಬ ಮಹಿಳೆ ನಿಷೇಧದ ರದ್ದತಿಗಾಗಿ ಹೆಂಗಸರ ಸಂಘಟನೆ ಕಟ್ಟಿದರು. ಅವರ ಪ್ರಚಾರದ ಭಿತ್ತಿಪತ್ರದಲ್ಲಿದ್ದದ್ದೂ ಅದೇ ತಾಯಿ, ಅದೇ ಮಕ್ಕಳು! ಅರವತ್ತು ವರ್ಷ ಮದ್ಯದಂಗಡಿ ಮುಚ್ಚಲು ಅತ್ತ ಮಗು ಈಗ ಅದನ್ನು ತೆರೆಯಲು ಕೈಚಾಚಿತು. 1933ರ ಡಿಸೆಂಬರ್ 5ರಂದು ನಿಷೇಧ ಮುಗಿಯಿತು.

ಭಾರತದಲ್ಲಿ ಈ ಚಳವಳಿ ಆರಂಭದಲ್ಲೇ ಖಜಾನೆಯನ್ನು ಹೆಸರಿಸಿತು ಎಂಬುದು ಕುತೂಹಲಕರ. ಖಜಾನೆ ಪರಕೀಯರದಾದ್ದರಿಂದ ಅದು ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಬ್ರಿಟಿಷ್ ಸಂಸದ ಡಬ್ಲ್ಯು.ಎಸ್. ಕೇನ್ ಮುಂತಾದವರು 1888ರಲ್ಲಿ ಲಂಡನ್ನಿನಲ್ಲಿ ಸ್ಥಾಪಿಸಿದ ಆಂಗ್ಲೋ-ಇಂಡಿಯನ್ ಟೆಂಪರನ್ಸ್ ಸಂಘದ ಪತ್ರಿಕೆಯ ಹೆಸರೇ ‘ಅಬಕಾರಿ’. 1889ರಲ್ಲಿ ಭಾರತದ ಅಬಕಾರಿ ನೀತಿಯನ್ನು ಖಂಡಿಸುವ ನಿರ್ಣಯವನ್ನು ಅವರು ಕಾಮನ್ಸ್ ಸಭೆಯಲ್ಲಿ ಅಲ್ಪ ಬಹುಮತದಿಂದ ಗೆದ್ದರು. 1930ರಲ್ಲಿ ಗಾಂಧೀಜಿ ಮದ್ಯದಂಗಡಿಗಳ ಮುಂದೆ ಧರಣಿ ಕೂರುವ ಕೆಲಸವನ್ನು ಹೆಂಗಸರಿಗೆ ಒಪ್ಪಿಸಿದರು. ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ 1939ರಲ್ಲಿ ಎಸ್. ನಿಜಲಿಂಗಪ್ಪನವರ ನಾಯಕತ್ವದಲ್ಲಿ ಜನ ಈಚಲು ಮರಗಳನ್ನೇ ಕಡಿದರು. ಅವರು ಸೆರೆಮನೆಗೆ ಹೋದರು. ಮರದಲ್ಲಿ ಹೆಂಡವಿತ್ತು ನಿಜ, ಹೆಂಡದಲ್ಲಿ ಸರ್ಕಾರದ ಸುಂಕವಿತ್ತು. ಕೊಡಲಿ ಬಿದ್ದದ್ದು ಎರಡರ ಮೇಲೂ.

ಮದ್ರಾಸಿನಲ್ಲಿ ಅಧಿಕಾರ ಹಿಡಿದ ರಾಜಾಜಿ 1937ರ ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ ತಂದರು. ಅದಕ್ಕೂ ಮುನ್ನ ತಿರುಚ್ಚೆಂಗೋಡಿನ ಆಶ್ರಮದಿಂದ ‘ವಿಮೋಚನಂ’ ಎಂಬ ಪಾನವಿರೋಧಿ ಪತ್ರಿಕೆಯನ್ನು ಅವರೇ ನಡೆಸಿದ್ದರು. ನಷ್ಟ ತುಂಬಲು 1939ರಲ್ಲಿ ಸಾಮಾನ್ಯ ಮಾರಾಟ ತೆರಿಗೆ ಹಾಕಿದರು. ಮುಂದೆ ಎಲ್ಲ ರಾಜ್ಯಗಳ ಬೆನ್ನೆಲುಬಾದ ಮಾರಾಟ ತೆರಿಗೆ ಹೆಂಡ ಬಿಟ್ಟವರ ಮನೆಯ ಕೂಸು ಎಂಬುದನ್ನು ನಾವು ಮರೆತಿದ್ದೇವೆ. ಕುಡುಕನ ಹಣದಿಂದ ಮಕ್ಕಳ ಶಾಲೆ ನಡೆಯುವುದನ್ನು ಗಾಂಧೀಜಿ ಕ್ರೂರ ವ್ಯಂಗ್ಯವೆಂದು ಕಂಡು, ಅದೇ 1937ರಲ್ಲಿ ವಾರ್ಧಾದಲ್ಲಿ ಸ್ವಾವಲಂಬಿ ಶಿಕ್ಷಣದ ಯೋಜನೆ ಮುಂದಿಟ್ಟರು. ನೂಲುವ ತಕಲಿಗೂ ಅಬಕಾರಿ ಲೆಕ್ಕಕ್ಕೂ ಹೀಗೆ ಒಂದು ನಂಟಿದೆ. ಸ್ವಾತಂತ್ರ್ಯಾನಂತರ ಪಾನನಿರೋಧ ಸಂವಿಧಾನದ 47ನೆಯ ವಿಧಿಯಲ್ಲಿ ನಿರ್ದೇಶಕ ತತ್ವವಾಗಿ ಕುಳಿತಿತು, ಅಬಕಾರಿ ಆಯವ್ಯಯ ಪತ್ರದಲ್ಲಿ ಕುಳಿತಿತು. ಖಜಾನೆ ಈಗ ನಮ್ಮದೇ ಆದ್ದರಿಂದ ಹಾಡುಗಳಿಂದ ಮೆಲ್ಲನೆ ಮರೆಯಾಯಿತು.

ಅದನ್ನು ಮರೆಯಾಗಿಸಿದವರಲ್ಲಿ ನಾನೂ ಒಬ್ಬ. 1992ರಲ್ಲಿ ನಾನು ಬಯಲುಸೀಮೆಯ ಒಂದು ಜಿಲ್ಲೆಯಲ್ಲಿ ಉಪವಿಭಾಗಾಧಿಕಾರಿ. ಬೇಸಿಗೆಯ ಕೊನೆಯಲ್ಲಿ ಸಾರಾಯಿ ಅಂಗಡಿಗಳ ಹರಾಜಿನ ದಿನ ಜಿಲ್ಲಾ ಕಚೇರಿಯ ಸಭಾಂಗಣದಲ್ಲಿ ಕುಳಿತು ಬಿಡ್ಡುಗಳನ್ನು ಬರೆದುಕೊಳ್ಳುವ ಕೆಲಸ ನನ್ನದಾಗಿತ್ತು. ಸಂಜೆಯ ಹೊತ್ತು ಸಾಕ್ಷರತಾ ಆಂದೋಲನದ ಕೆಲಸ. ಕಲಾಜಾಥಾದ ಹಾಡುಗಳನ್ನು ಆರಿಸುವ ಉಪಸಮಿತಿಗೂ ನಾನೇ ಸಂಚಾಲಕ. ಪ್ರಾಥಮಿಕ ಶಾಲೆಯ ಮೇಷ್ಟ್ರೊಬ್ಬರು ಸಾರಾಯಿಯ ಮೇಲೆ ಒಂದು ಹಾಡು ಕಟ್ಟಿ ತಂದಿದ್ದರು. ಅದರಲ್ಲೂ ಬಾಗಿಲಲ್ಲಿ ಕಾಯುವ ಮಗುವಿತ್ತು, ಅಡವಿಟ್ಟ ತಾಳಿಯಿತ್ತು. ಕೊನೆಯ ನುಡಿಯಲ್ಲಿ ಹೆಂಡತಿ ಕೇಳುತ್ತಾಳೆ: ಊರ ಅಂಗಡಿಯನ್ನು ದೊರೆಯೇ ಕೂಗಿ ಹರಾಜು ಹಾಕುವಾಗ ನಾನು ಗಂಡನೊಬ್ಬನನ್ನೇ ಬೈದರೆ ಹೇಗೆ? ಈ ಅರ್ಥದ ಎರಡು ಸಾಲುಗಳನ್ನು ನಾನು ಕೆಂಪು ಶಾಯಿಯಲ್ಲಿ ಹೊಡೆದೆ. ಅಂಚಿನಲ್ಲಿ ‘ಅಪ್ರಸ್ತುತ’ ಎಂದು ಬರೆದು ಸಹಿ ಮಾಡಿದೆ. ಮೇಲಿನವರು ಯಾರೂ ನನಗೆ ಹಾಗೆ ಮಾಡೆಂದು ಹೇಳಿರಲಿಲ್ಲ. ಮೇಷ್ಟ್ರು ಆಕ್ಷೇಪಿಸಲಿಲ್ಲ. ಸರ್ಕಾರಿ ನೌಕರರು ಹೇಗೆ ಸುಮ್ಮನಾಗುತ್ತಾರೆಂಬುದು ನನಗೂ ಗೊತ್ತಿತ್ತು.

ಅದೇ ತಿಂಗಳುಗಳಲ್ಲಿ ಪಕ್ಕದ ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ ನ��ೆಯುತ್ತಿದ್ದದ್ದು ನಮ್ಮ ಕಿವಿಗೂ ಬಿತ್ತು. ಅಲ್ಲಿಯೂ ಸಾಕ್ಷರತಾ ತರಗತಿಗಳಿದ್ದವು. ವಾಚಕದಲ್ಲಿ ಸೀತಮ್ಮ ಎಂಬವಳ ಕಥೆಯಿತ್ತು, ಗಂಡನ ಸಾರಾಯಿ ಚಟದಿಂದ ಬಾಳು ಹಾಳಾದವಳದು. ಪಾಠ ಓದಿ ಮಾತಿಗೆ ಕುಳಿತ ದೂಬಗುಂಟದ ಹೆಂಗಸರು, ರೋಸಮ್ಮ ಮುಂತಾದವರ ಮುಂದಾಳತ್ವದಲ್ಲಿ, ಊರಿನ ಸಾರಾಯಿ ಅಂಗಡಿಯನ್ನು ಮುಚ್ಚಿಸಿದರು. ಅವರ ಕಥೆಯೇ ಮುಂದಿನ ವಾಚಕದ ಪಾಠವಾಗಿ ಬೇರೆ ಊರುಗಳ ಹೆಂಗಸರನ್ನು ಎಬ್ಬಿಸಿತು. ಅವರು ಗಂಡಂದಿರನ್ನು ತಿದ್ದುವಲ್ಲಿಗೆ ನಿಲ್ಲದೆ ನೇರವಾಗಿ ಹರಾಜಿನ ಜಾಗಕ್ಕೆ ಹೋದರು. ನೆಲ್ಲೂರಿನ ಹರಾಜು ಮತ್ತೆ ಮತ್ತೆ ಮುಂದೂಡಲ್ಪಟ್ಟಿತು. ಸಾರಾಯಿಯನ್ನು ಪೊಟ್ಟಣ ಮಾಡಿ ಹಂಚುವ ‘ವಾರುಣಿ ವಾಹಿನಿ’ ಯೋಜನೆಯನ್ನು 1980ರ ದಶಕದಲ್ಲಿ ನಡೆಸಿದ್ದ ಆ ರಾಜ್ಯ 1993ರ ಅಕ್ಟೋಬರಿನಿಂದ ಸಾರಾಯಿ ನಿಷೇಧಿಸಿತು, 1995ರಲ್ಲಿ ಪೂರ್ಣ ಪಾನನಿಷೇಧವನ್ನೂ ತಂದಿತು. 1997ರಲ್ಲಿ ಖಜಾನೆ ಗೆದ್ದಿತು. ಪೂರ್ಣ ನಿಷೇಧ ರದ್ದಾಯಿತು. ಅಮೆರಿಕಕ್ಕೆ ಹದಿಮೂರು ವರ್ಷ ಹಿಡಿದದ್ದು ಆಂಧ್ರಕ್ಕೆ ಎರಡೇ ವರ್ಷ ಹಿಡಿಯಿತು.

ನಮ್ಮಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಂದು. ಅಂದು ಸಮಾಧಾನಪಟ್ಟವರಲ್ಲಿ ನಾನೂ ಇದ್ದೆ. ಪೊಟ್ಟಣ ಹೋಗಿ ಅಗ್ಗದ ವಿಸ್ಕಿ, ಬ್ರಾಂದಿಗಳ ಪುಟ್ಟ ಸೀಸೆ ಬಂತು. ಆ ವರ್ಷ ರಾಜ್ಯದ ಅಬಕಾರಿ ಆದಾಯ ಐದು ಸಾವಿರ ಕೋಟಿ ರೂಪಾಯಿಯನ್ನು ಮುಟ್ಟಿರಲಿಲ್ಲ. 2024-25ರ ಆಯವ್ಯಯದಲ್ಲಿ ಇಟ್ಟ ಗುರಿ 38 ಸಾವಿರ ಕೋಟಿಗೂ ಮೇಲೆ. ಬೆಲೆಯೇರಿಕೆಯನ್ನು ಕಳೆದು ನೋಡಿದರೂ ಇದು ಸಣ್ಣ ಬೆಳವಣಿಗೆಯಲ್ಲ. ಈ ಹಣದಿಂದ ಶಾಲೆ, ಆಸ್ಪತ್ರೆ, ಪಿಂಚಣಿ ನಡೆಯುತ್ತವೆ ಎಂಬ ವಾದವನ್ನು ನಾನೇ ಎಷ್ಟೋ ಟಿಪ್ಪಣಿಗಳಲ್ಲಿ ಬರೆದಿದ್ದೇನೆ. ನನ್ನ ಪಿಂಚಣಿಯೂ ಅದರಲ್ಲಿ ಸೇರಿದೆ. ಪೂರ್ಣ ನಿಷೇಧ ಉಳಿಯುವುದಿಲ್ಲವೆಂಬ ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ. ಆದರೆ ಕುಡಿತದ ವಿರುದ್ಧ ಹಾಡು ಬರೆಸಲು ಹಣ ಕೊಡುವ ಸರ್ಕಾರ, ಇಷ್ಟು ಕುಡಿಸಬೇಕೆಂದು ಗುರಿ ನಿಗದಿಪಡಿಸುವ ಸರ್ಕಾರವೂ ಆಗಿರುವಾಗ, ಆ ಹಾಡಿನಲ್ಲಿ ಯಾವ ಸಾಲು ಪ್ರಸ್ತುತ, ಯಾವುದು ಅಪ್ರಸ್ತುತ ಎಂಬುದನ್ನು ನಾನು ತೀರ್ಮಾನಿಸಬಾರದಿತ್ತು.

ಕೊಲಂಬಸ್‌ನಿಂದ ಮರಳಿದ ಮೇಲೆ, 2019ರ ಜನವರಿಯಲ್ಲಿ, ಸಾವಿರಾರು ಹಳ್ಳಿಯ ಹೆಂಗಸರು ಮದ್ಯನಿಷೇಧಕ್ಕೆ ಒತ್ತಾಯಿಸಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದು ಬಂದರು. ತುಮಕೂರು ರಸ್ತೆಯ ಬದಿಯಲ್ಲಿ ನಿಂತು ನೋಡಿದೆ. ಹಲವರ ಪಾದಗಳಿಗೆ ಬಟ್ಟೆ ಸುತ್ತಿತ್ತು. ಒಂದು ಗುಂಪು ಹಾಡುತ್ತ ಬಂತು. ವಾಹನಗಳ ಸದ್ದಿನಲ್ಲಿ ಪಲ್ಲವಿ ಬಿಟ್ಟರೆ ಬೇರೇನೂ ಕೇಳಿಸದು. ಕೊನೆಯ ನುಡಿ ಕೇಳಬೇಕೆಂದು ನಾನು ಅವರ ಜೊತೆಗೇ ಸ್ವಲ್ಪ ದೂರ ನಡೆದೆ. ಇಸ್ತ್ರಿ ಮಾಡಿದ ಅಂಗಿಯ ಅಪರಿಚಿತ ಪಕ್ಕದಲ್ಲಿ ನಡೆಯುವುದನ್ನು ಕಂಡ ಉತ್ತರದ ಕಡೆಯ ಮುದುಕಿಯೊಬ್ಬಳು ಹಾಡು ನಿಲ್ಲಿಸಿ ಕೇಳಿದಳು:

“ಯಾವ ಆಫೀಸಿನ ಸಾಹೇಬ್ರು ರೀ ನೀವು?”

“ರಿಟೈರ್ ಆಗೇನಮ್ಮಾ” ಎಂದೆ. ಅವಳು ತಲೆಯಾಡಿಸಿ ಸೆರಗು ಸರಿಪಡಿಸಿಕೊಂಡು ಗುಂಪನ್ನು ಸೇರಿಕೊಂಡಳು.